ತಲೆಗೆ ಸಣ್ಣ ಕರೆಂಟು ಕೊಟ್ಟರೆ ಮಗುವಿಗೆ ಓದು ಹತ್ತುತ್ತದೆಯೇ?

ಡಿಸ್ಲೆಕ್ಸಿಯಾ, ಅಂದರೆ ಓದುವುದನ್ನೇ ಕಷ್ಟವಾಗಿಸುವ ಕಲಿಕಾ ತೊಂದರೆ ಇರುವ ಮಕ್ಕಳಿಗೆ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವ ಯಂತ್ರವಿದೆ ಎಂದು ಕೇಳಿದ ಪಾಲಕರ ಮೊದಲ ಪ್ರಶ್ನೆ: ಇದು ಶಾಕ್ ಟ್ರೀಟ್‌ಮೆಂಟಾ? ಅಲ್ಲ.

ಯಂತ್ರ ಮಾಡುವುದೇನು?

ಮಕ್ಕಳ ಓದಿನ ವಿಷಯದಲ್ಲಿ ಹೆಚ್ಚಾಗಿ ಪರೀಕ್ಷೆಗೊಳಗಾದ ವಿಧಾನ ಟಿಡಿಸಿಎಸ್, ಅಂದರೆ ತಲೆಬುರುಡೆಯ ಮೂಲಕ ಸಣ್ಣ ನೇರ ವಿದ್ಯುತ್ ಹರಿಸುವುದು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, 1ರಿಂದ 2 ಮಿಲಿಆಂಪಿಯರ್ ಕರೆಂಟನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಶಾಕ್ ಚಿಕಿತ್ಸೆಯಲ್ಲಿ ಇದರ ನೂರಾರು ಪಟ್ಟು ಕರೆಂಟು ಬೇಕು, ಅರಿವಳಿಕೆಯೂ ಬೇಕು. ಇಲ್ಲಿ ಮಗು ಎಚ್ಚರವಾಗಿಯೇ ಕೂತು ಓದುತ್ತಿರುತ್ತದೆ.

ಅಕ್ಷರವನ್ನು ಧ್ವನಿಗೆ ಜೋಡಿಸುವ ಭಾಗ ಮಿದುಳಿನ ಎಡಬದಿಯಲ್ಲಿ, ಕಿವಿಯ ಮೇಲೆ ಮತ್ತು ಹಿಂದೆ ಇದೆ. ಡಿಸ್ಲೆಕ್ಸಿಯಾ ಇದ್ದವರಲ್ಲಿ ಓದುವಾಗ ಅದು ಅಷ್ಟು ಚುರುಕಾಗುವುದಿಲ್ಲ. ಅಲ್ಲಿಟ್ಟ ಸ್ಪಂಜಿನ ಕರೆಂಟು ನರಕೋಶಗಳನ್ನು ಕೆಲಸಕ್ಕೆ ತುಸು ಸಜ್ಜುಗೊಳಿಸುತ್ತದೆ, ಅಷ್ಟೇ. ಹೊಲ ಹದವಾದ ಮಾತ್ರಕ್ಕೆ ತೊಗರಿ ಬೆಳೆಯುವುದಿಲ್ಲ, ಬಿತ್ತಬೇಕು. ಇಲ್ಲಿ ಬಿತ್ತನೆ ಎಂದರೆ ಓದಿನ ತರಬೇತಿ.

ಪುರಾವೆ ಎಷ್ಟಿದೆ?

ರೋಮ್‌ನ ಬಾಂಬಿನೊ ಜೆಸು ಮಕ್ಕಳ ಆಸ್ಪತ್ರೆಯ ಸಂಶೋಧಕರು 18 ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು 2016ರಲ್ಲಿ ಪ್ರಕಟಿಸಿದರು. ವಾರಕ್ಕೆ ಮೂರು ಸಲದಂತೆ ಆರು ವಾರ ಎಲ್ಲರಿಗೂ ಓದಿನ ತರಬೇತಿ ಸಿಕ್ಕಿತು. ಕೆಲವರಿಗೆ ಕೊಟ್ಟದ್ದು ನಿಜವಾದ ಕರೆಂಟು, ಉಳಿದವರಿಗೆ ತೋರಿಕೆಯದು. ನಿಜವಾದದ್ದು ಪಡೆದವರು ಅಪರೂಪದ ಪದಗಳಲ್ಲಿ ಕಡಿಮೆ ತಪ್ಪು ಮಾಡಿದರು. ಅರ್ಥವಿಲ್ಲದ ಪದಗಳನ್ನು ಬೇಗ ಓದಿದರು. ಆಶಾದಾಯಕ ನಿಜ, ಆದರೆ ಇಂಥ ಚಿಕ್ಕ ಗುಂಪುಗಳ ಫಲಿತಾಂಶವನ್ನು ನೆಚ್ಚಿ ಚಿಕಿತ್ಸೆ ಎಂದು ಮಾರುವಂತಿಲ್ಲ. ಅಡ್ಡಪರಿಣಾಮವಾಗಿ ತುರಿಕೆ, ಚುರುಚುರು, ತಲೆನೋವೂ ಬರಬಹುದು. ಫಿಟ್ಸ್ ಇರುವ ಅಥವಾ ತಲೆಯೊಳಗೆ ಲೋಹದ ಸಾಧನವಿರುವ ಮಗುವಿಗೆ ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಬೇಡವೇ ಬೇಡ. ಆನ್‌ಲೈನಿನಲ್ಲಿ ಯಂತ್ರ ತರಿಸಿ ಮನೆಯಲ್ಲಿ ಕಟ್ಟುವುದಂತೂ ಸಲ್ಲದು.

ಮೊದಲು ಎಲ್ಲಿಗೆ ಹೋಗಬೇಕು?

ಕಮಲಾಪುರದ ತಾಂಡಾದಲ್ಲಿ ಲಂಬಾಣಿ, ಕಲಬುರಗಿಯ ಓಣಿಯಲ್ಲಿ ಉರ್ದು ಮಾತಾಡಿ ಬೆಳೆದ ಮಗು ಕನ್ನಡ ಓದಲು ತಡಮಾಡಿದರೆ ಅದು ಡಿಸ್ಲೆಕ್ಸಿಯಾ ಆಗಲೇಬೇಕೆಂದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಕನ್ನಡದ ಅಕ್ಷರರೂಪಗಳು ನೂರಾರು. ಅವನ್ನು ಪೂರ್ತಿ ಕಲಿಯಲು ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ.

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಆಮೇಲೆ ಶಾಲೆಯ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕಾಣಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೂ ಹೇಳಿ, ಕಲಿಕಾ ತೊಂದರೆ ಅವರ ಪಟ್ಟಿಯಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯನ್ನು ಅಂಗವೈಕಲ್ಯವೆಂದು ಗುರುತಿಸಿರುವುದರಿಂದ, ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಜತೆಗೆ ದಿನವೂ ಪದವನ್ನು ಧ್ವನಿಗಳಾಗಿ ಬಿಡಿಸಿ, ಅಕ್ಷರಕ್ಕೆ ಜೋಡಿಸುವ ಅಭ್ಯಾಸ ನಡೆಯಲಿ.

ಇಷ್ಟಾದ ಮೇಲೂ ಯಾರಾದರೂ ಕರೆಂಟಿನ ಮಾತೆತ್ತಿದರೆ ಎರಡು ಕೇಳಿ: ಇದು ನೈತಿಕ ಸಮಿತಿ ಒಪ್ಪಿದ ಸಂಶೋಧನೆಯೇ? ಜತೆಗೆ ಓದಿನ ತರಬೇತಿ ಇದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯ ಪ್ರಕಾರ ಸಂಶೋಧನೆಯ ಖರ್ಚನ್ನು ಅದರಲ್ಲಿ ಭಾಗವಹಿಸುವವರ ಮೇಲೆ ಹೇರುವಂತಿಲ್ಲ. ಆದ್ದರಿಂದ ಪ್ರಯೋಗ ಎಂದು ಹೇಳಿ ಫೀಸು ಕೇಳಿದರೆ ಎದ್ದು ಬನ್ನಿ.