ನಿಮಗಿದು ಗೊತ್ತೇ? ಬೆರಳು ಗುಂಡಿ ಒತ್ತುತ್ತದೆ, ಉಳಿದದ್ದೆಲ್ಲ ಗಾಳಿಯ ಕೆಲಸ

ಪೇಂಟ್‌ಬಾಲ್ ಆಟ ಹುಟ್ಟಿದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನ್ನಿಕರ್ ಎಂಬ ಊರಿನ ಕಾಡಿನಲ್ಲಿ. ಆಡಿದವರು 12 ಮಂದಿ. ಅವರ ಕೈಯಲ್ಲಿದ್ದದ್ದು ಮರಗಳಿಗೂ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕುವ ನೆಲ್‌ಸ್ಪಾಟ್ 007 ಪಿಸ್ತೂಲು. ಗೆದ್ದವನು ರಿಚಿ ವೈಟ್, ಕಾಡು ಬಲ್ಲ ಅರಣ್ಯ ವೃತ್ತಿಯವನು. ಒಂದು ಗುಂಡನ್ನೂ ಹಾರಿಸದೆ, ಆಟದ ಗುರಿಯಾಗಿದ್ದ ಬಾವುಟಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದ! ಟ್ರಿಗರ್ ಇನ್ನಷ್ಟು ಹಗುರಾಗಬೇಕೆಂದು ರಾತ್ರಿಯೆಲ್ಲ ಫೈಲು ತಿಕ್ಕುವವರು ಇದನ್ನು ಆಗಾಗ ನೆನೆಯಬಹುದು.

ಬಣ್ಣ ತುಂಬಿದ ಗುಂಡಿನ ವ್ಯಾಸ 0.68 ಇಂಚು, ಅಂದರೆ ಸುಮಾರು 17 ಮಿಲಿಮೀಟರ್. ತೂಕ ಸುಮಾರು 3 ಗ್ರಾಂ. ಹೊರಗಿನ ಸಿಪ್ಪೆ ಔಷಧಿ ಕ್ಯಾಪ್ಸೂಲಿನ ಜೆಲಾಟಿನ್. ಮೈದಾನಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ. ಈ ವೇಗದಲ್ಲಿ ಗುಂಡಿನ ಶಕ್ತಿ ಸುಮಾರು 12 ಜೂಲ್. ಕಣ್ಣಿಗೆ ಅದು ಬಹಳವೇ ಆಯಿತು, ಮುಖಕವಚ ಕಡ್ಡಾಯವಾಗಿರುವುದು ಅದಕ್ಕೇ.

ಪೇಂಟ್‌ಬಾಲ್ ಬಂದೂಕಿಗೆ ಮಾರ್ಕರ್ ಎಂದು ಹೆಸರು, ಅದರ ಟ್ರಿಗರ್ ಕೂತಿರುವ ಭಾಗವೇ ಫ್ರೇಮ್. ಗಾಳಿಯಿಂದ ನಡೆಯುವ, ಅಂದರೆ ನ್ಯೂಮ್ಯಾಟಿಕ್ ಟ್ರಿಗರ್ ಫ್ರೇಮಿನಲ್ಲಿ ಬ್ಯಾಟರಿಯೂ ಇಲ್ಲ, ಸರ್ಕ್ಯೂಟ್ ಬೋರ್ಡೂ ಇಲ್ಲ. ಬೆರಳು ಒತ್ತುವುದು ಒಂದು ಪುಟಾಣಿ ವಾಲ್ವಿನ ಗುಂಡಿಯನ್ನು ಮಾತ್ರ. ವಾಲ್ವ್ ತೆರೆದಾಗ ಗಾಳಿ ಒಂದು ಸಣ್ಣ ಸಿಲಿಂಡರಿಗೆ ನುಗ್ಗುತ್ತದೆ. ಅದರ ದಂಡ ಮುಂದೆ ಬಂದು, ಹ್ಯಾಮರನ್ನೋ ಬೋಲ್ಟನ್ನೋ ತಡೆದು ಹಿಡಿದಿರುವ ಸಿಯರ್ ಎಂಬ ಕೊಕ್ಕೆಯನ್ನು ತಳ್ಳುತ್ತದೆ. ಬೆರಳು ಬಿಟ್ಟರೆ ಗಾಳಿ ಹೊರಗೆ ಹೋಗುತ್ತದೆ, ಸ್ಪ್ರಿಂಗ್ ದಂಡವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಏಸಿ ಬಸ್ಸಿನ ಬಾಗಿಲು 'ಉಸ್' ಎಂದು ಮುಚ್ಚಿಕೊಳ್ಳುವುದೂ ಹೀಗೇ. ಡ್ರೈವರ್ ಒತ್ತುವುದು ಗುಂಡಿ, ಬಾಗಿಲನ್ನು ಎಳೆಯುವುದು ಗಾಳಿ.

ಟ್ಯಾಂಕಿನಲ್ಲಿ ತುಂಬಿರುವ ಗಾಳಿಯ ಒತ್ತಡ 3000 ಅಥವಾ 4500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ). ಟ್ಯಾಂಕಿನ ತಲೆಯ ಮೇಲಿರುವ ರೆಗ್ಯುಲೇಟರ್ ಅದನ್ನು ಕೆಲವು ನೂರಕ್ಕೆ ಇಳಿಸುತ್ತದೆ, ಸಾಮಾನ್ಯವಾಗಿ 800ರ ಆಸುಪಾಸಿಗೆ. ಟ್ರಿಗರಿನ ಸಿಲಿಂಡರಿಗೆ ಅದೂ ಅತಿಯಾಯಿತು. ಹಾಗಾಗಿ ಇನ್ನೊಂದು ಪುಟ್ಟ ರೆಗ್ಯುಲೇಟರ್ ಕೂರಿಸಿ 100 ಪಿಎಸ್‌ಐ ಹತ್ತಿರಕ್ಕೆ ತರುತ್ತಾರೆ.

ಇಷ್ಟು ಕಡಿಮೆ ಒತ್ತಡದಲ್ಲಿ ಕೆಲಸ ನಡೆಯುತ್ತದೆಯೇ? ಲೆಕ್ಕ ಹಾಕಿ ನೋಡಿ. 6 ಮಿಲಿಮೀಟರ್ ವ್ಯಾಸದ ಸಿಲಿಂಡರಿಗೆ 100 ಪಿಎಸ್‌ಐ ಕೊಟ್ಟರೆ ಸುಮಾರು 2 ಕಿಲೋ ತೂಕದಷ್ಟು ಬಲ ಸಿಗುತ್ತದೆ. ವ್ಯಾಸವನ್ನು 10 ಮಿಲಿಮೀಟರಿಗೆ ಏರಿಸಿದರೆ ಐದೂವರೆ ಕಿಲೋ! ಆಸೆಬುರುಕರು ಇಲ್ಲೇ ಎಡವುವುದು. ದೊಡ್ಡ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಬೇಕು, ಅಷ್ಟನ್ನೂ ಮತ್ತೆ ಖಾಲಿ ಮಾಡಬೇಕು.

ಈ ಖಾಲಿ ಮಾಡುವ ಕೆಲಸವೇ ಇಡೀ ಫ್ರೇಮಿನ ಜೀವಾಳ ಎಂದು ನನ್ನ ಅಭಿಪ್ರಾಯ. ಟ್ರಿಗರ್ ಎಷ್ಟು ಹಗುರವಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಸಿಯರ್ ಎಷ್ಟು ಬೇಗ ತನ್ನ ಜಾಗಕ್ಕೆ ಮರಳುತ್ತದೆ ಎಂದು ಕೇಳುವವರು ಕಡಿಮೆ. ಮುಂದಿನ ಗುಂಡು ಕಾಯುವುದು ಅದಕ್ಕಾಗಿಯೇ. ಗಾಳಿ ಹೊರಗೆ ಹೋಗುವ ತೂತು ಕಿರಿದಾದರೆ ದಂಡ ಸೋಮಾರಿಯಾಗುತ್ತದೆ, ಬೆರಳು ಎರಡನೇ ಸಲ ಒತ್ತಿದರೂ ಮಾರ್ಕರ್ ಸುಮ್ಮನಿರುತ್ತದೆ. ಹೊಸಬರು ಗಮನಿಸದ ಇನ್ನೊಬ್ಬ ಕಳ್ಳ ಅಂದರೆ ವಾಲ್ವಿನಿಂದ ಸಿಲಿಂಡರಿಗೆ ಗಾಳಿ ಒಯ್ಯುವ ಪೈಪು. ಒಳವ್ಯಾಸ 1.6 ಮಿಲಿಮೀಟರ್ ಇರುವ, 10 ಸೆಂಟಿಮೀಟರ್ ಉದ್ದದ ಪೈಪಿನ ಒಳಜಾಗ ಸುಮಾರು 200 ಘನ ಮಿಲಿಮೀಟರ್. 6 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ದಂಡ 6 ಮಿಲಿಮೀಟರ್ ಚಲಿಸಿದಾಗ ಒಳಗೆ ಹಿಡಿಯುವುದು 170 ಮಾತ್ರ. ಕೆಲಸ ಮಾಡುವ ಸಿಲಿಂಡರಿಗಿಂತ ಸುಮ್ಮನೆ ಬಿದ್ದಿರುವ ಪೈಪೇ ಹೆಚ್ಚು ಗಾಳಿ ನುಂಗುತ್ತದೆ! ಪಳಗಿದವರು ವಾಲ್ವನ್ನು ಸಿಲಿಂಡರಿನ ಮಗ್ಗುಲಲ್ಲೇ ಕೂರಿಸುತ್ತಾರೆ. ಇನ್ನೂ ಪಳಗಿದವರು ಅಲ್ಯೂಮಿನಿಯಂ ಫ್ರೇಮಿನ ಒಳಗೇ ತೂತು ಕೊರೆದು ದಾರಿ ಮಾಡಿ, ಬೇಡದ ಬಾಯಿಗಳನ್ನು ಸ್ಕ್ರೂನಿಂದ ಮುಚ್ಚಿಬಿಡುತ್ತಾರೆ.

ಟ್ರಿಗರಿನಲ್ಲಿ ಗಾಳಿಯನ್ನು ಬೇರೆ ಬಗೆಯಲ್ಲಿ ದುಡಿಸಿಕೊಂಡವರೂ ಇದ್ದಾರೆ. ಮಾರ್ಕರ್ ತಯಾರಕ ಡೆನಿಸ್ ಟಿಪ್‌ಮನ್ ಮೊದಲು ಮಾಡುತ್ತಿದ್ದದ್ದು ನಿಜವಾದ ಮೆಷಿನ್‌ಗನ್‌ಗಳ ಅರ್ಧ ಅಳತೆಯ ಪ್ರತಿಕೃತಿಗಳನ್ನು, ಅದೂ ಗುಂಡು ಹಾರಿಸಬಲ್ಲವನ್ನು. 1986ರಲ್ಲಿ ಅಮೆರಿಕದ ಕಾನೂನು ಹೊಸ ಮೆಷಿನ್‌ಗನ್‌ಗಳನ್ನು ಸಾರ್ವಜನಿಕರಿಗೆ ಮಾರುವುದಕ್ಕೆ ಬಾಗಿಲು ಹಾಕಿತು. ಟಿಪ್‌ಮನ್ ಪೇಂಟ್‌ಬಾಲಿಗೆ ಬಂದರು. ಅವರ ಕಂಪನಿಯ 'ರೆಸ್ಪಾನ್ಸ್ ಟ್ರಿಗರ್' ಒಂದು ಮಜದ ಉಪಾಯ. ಗುಂಡು ಹಾರಿದ ಮೇಲೆ ಮಿಕ್ಕ ಗಾಳಿಯನ್ನು ಹಿಡಿದು, ಟ್ರಿಗರನ್ನೇ ಮುಂದಕ್ಕೆ ಒದ್ದು ಮರಳಿ ತರುತ್ತದೆ. ಇಲ್ಲಿ ಗಾಳಿ ನೆರವಾಗುವುದು ಎಳೆಯುವುದಕ್ಕಲ್ಲ, ಬಿಡುವುದಕ್ಕೆ.

ಬಡ್ ಓರ್ ರೂಪಿಸಿದ ಆಟೋಕಾಕರ್ ಎಂಬ ಮಾರ್ಕರಿನಲ್ಲಿ ಒಂದೇ ಟ್ರಿಗರ್ ಎರಡು ಕೆಲಸ ಮಾಡುತ್ತದೆ. ಅರ್ಧ ಎಳೆದರೆ ಗುಂಡು ಹಾರುತ್ತದೆ. ಪೂರ್ತಿ ಎಳೆದರೆ ಮುಂಭಾಗದ ವಾಲ್ವ್ ಸರಿದು, ಗಾಳಿ ಬೋಲ್ಟನ್ನು ಹಿಂದಕ್ಕೆ ಎಳೆದು ಹ್ಯಾಮರನ್ನು ಸಜ್ಜುಗೊಳಿಸುತ್ತದೆ. ಅವಸರದಲ್ಲಿ ಅರ್ಧಕ್ಕೇ ಬಿಟ್ಟರೆ ಮುಂದಿನ ಗುಂಡು ಬೋಲ್ಟಿಗೆ ಸಿಕ್ಕಿ ಒಡೆದು, ಬಣ್ಣವೆಲ್ಲ ನಳಿಕೆಯೊಳಗೇ ಚೆಲ್ಲಬಹುದು.

ಈಗ ಜೋಡಣೆಯ ವಿಷಯ. ಸಣ್ಣ ವಾಲ್ವು, ಕನೆಕ್ಟರುಗಳಲ್ಲಿ ಹೆಚ್ಚಾಗಿ ಕಾಣುವುದು 10-32 ಥ್ರೆಡ್. ಟ್ಯಾಪ್ ಹಾಕಿ ಥ್ರೆಡ್ ಕೊರೆಯುವ ಮುನ್ನ 4 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ದೊಡ್ಡ ತೂತು ಮಾಡಬೇಕು. ಥ್ರೆಡ್ಡಿಗೆ ಹಚ್ಚುವ ಅಂಟು ಹೆಚ್ಚಾಯಿತೋ, ವಾಲ್ವಿನ ಬಾಯಿಯೇ ಅಂಟಿಕೊಂಡು ಕೂರುತ್ತದೆ. ಸೋರಿಕೆ ಹುಡುಕಲು ಸೋಪಿನ ನೀರು ಸಾಕು, ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ. ಫ್ರೇಮ್ ಬಿಚ್ಚುವಾಗ ಟ್ಯಾಂಕ್ ತೆಗೆದರಷ್ಟೇ ಸಾಲದು, ಒಳಗೆ ಉಳಿದ ಗಾಳಿಯನ್ನೂ ಹೊರಗೆ ಬಿಡಬೇಕು.

ಈ ಎಲ್ಲ ಜಾಗಗಳಲ್ಲಿ ಗಾಳಿ ತಡೆಯುವ ರಬ್ಬರ್ ಓ-ರಿಂಗಿಗೆ 1937ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ಡೆನ್ಮಾರ್ಕಿನಿಂದ ವಲಸೆ ಬಂದ ನೀಲ್ಸ್ ಕ್ರಿಸ್ಟೆನ್ಸನ್. ಆಗ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು.

ಗಾಳಿಯ ಟ್ಯಾಂಕಿನ ಬದಲು ಬಳಸುವ ಕಾರ್ಬನ್ ಡೈಆಕ್ಸೈಡ್ ಟ್ಯಾಂಕ್ ಅಗ್ಗ, ಆದರೆ ನಂಬುವ ಹಾಗಿಲ್ಲ. ಸೊನ್ನೆ ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 500 ಪಿಎಸ್‌ಐ, 21 ಡಿಗ್ರಿಯಲ್ಲಿ 850ರ ಹತ್ತಿರ, 30ರಲ್ಲಿ ಸಾವಿರ ದಾಟುತ್ತದೆ. ಸಾಲದ್ದಕ್ಕೆ ಮಾಮೂಲಿ ಓ-ರಿಂಗುಗಳನ್ನು ಉಬ್ಬಿಸುತ್ತದೆ. ಟ್ರಿಗರ್ ಫ್ರೇಮಿಗೆ ಗಾಳಿಯ ಟ್ಯಾಂಕೇ ಸರಿ.

ಹವ್ಯಾಸಿಗಳು ನ್ಯೂಮ್ಯಾಟಿಕ್ ಟ್ರಿಗರ್ ಕೂರಿಸಲು ಬಲು ಇಷ್ಟಪಡುವ ಮಾರ್ಕರುಗಳಲ್ಲಿ ಒಂದು ಆಟೋಮ್ಯಾಗ್. ಅದರ ಟ್ರಿಗರ್ ಎಳೆಯುವಾಗ ಬೆರಳು ಒಳಗಿನ ಒಂದು ಪಿನ್ನಿನ ಮೇಲೆ ಕೂತಿರುವ ಗಾಳಿಯ ಒತ್ತಡದೊಂದಿಗೇ ಜಗ್ಗಾಡಬೇಕು, ಆ ಜಗ್ಗಾಟವನ್ನು ಸಿಲಿಂಡರಿಗೆ ವಹಿಸಿದರೆ ಬೆರಳಿಗೆ ಬಿಡುವು. ಆಟೋಮ್ಯಾಗ್ ರೂಪಿಸಿದ ಟಾಮ್ ಕೇ ಆಮೇಲೆ ಹಿಡಿದ ದಾರಿಯೇ ಬೇರೆ. 2008ರಲ್ಲಿ ಅವರು ಇಬ್ಬರು ಸಂಗಡಿಗರೊಂದಿಗೆ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಡೈನೊಸಾರ್ ಮೂಳೆಗಳೊಳಗೆ ಸಿಕ್ಕಿತೆಂದು ಸುದ್ದಿಯಾಗಿದ್ದ ಮೃದು ಅಂಗಾಂಶ ನಿಜಕ್ಕೂ ಬ್ಯಾಕ್ಟೀರಿಯಾಗಳು ಬಿಟ್ಟ ಲೋಳೆಪದರ ಇರಬಹುದು ಎಂಬುದು ಅದರ ವಾದ. ಪ್ರಾಗ್ಜೀವಿ ವಿಜ್ಞಾನಿಗಳ ನಡುವೆ ಅದು ದೊಡ್ಡ ಜಗಳವನ್ನೇ ಎಬ್ಬಿಸಿತು.