ಮೆತ್ತನೆಯ ಲೋಹ, ಮೂರು ಮಿಲಿಮೀಟರ್ ಟ್ಯಾಪ್

ಬೆಂಗಳೂರಿನ ಪೀಣ್ಯದ ಮಷಿನ್ ಶಾಪುಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೆಂದು ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮಾಡಿದ ಪೆಟ್ಟಿಗೆಗಳು ಕಾಣಸಿಗುತ್ತವೆ. ಗೋಡೆ, ತಳ, ಒಳಗಿನ ಗೂಡುಗಳೆಲ್ಲ ತಯಾರಾದ ಮೇಲೆ ಉಳಿಯುವ ಕೆಲಸವೆಂದರೆ ಮುಚ್ಚಳ ಬಿಗಿಯಲು ಅಂಚಿನ ಸುತ್ತ ಸಣ್ಣ ತೂತುಗಳಿಗೆ ಥ್ರೆಡ್ ಹಾಕುವುದು. ಗಂಟೆಗಟ್ಟಲೆ ಮಷಿನ್ ಓಡಿ ಸಿದ್ಧವಾದ ಜಾಬ್ ಅದು. ಈ ಹಂತದಲ್ಲಿ ಥ್ರೆಡ್ ಹಾಕುವ ಒಂದೇ ಒಂದು ಎಂ3 (ಮೂರು ಮಿ.ಮೀ. ವ್ಯಾಸದ) ಟ್ಯಾಪ್ ತೂತಿನೊಳಗೆ ಮುರಿದು ಕೂತರೂ ಅಷ್ಟೂ ಶ್ರಮ ಗುಜರಿಗೆ ಹೋಗಬಹುದು.

ಸಣ್ಣ ಟ್ಯಾಪ್ ತೆಳ್ಳಗಿದೆ, ಅದಕ್ಕೇ ಮುರಿಯುತ್ತದೆ ಎನ್ನುವುದು ಅರ್ಧ ಉತ್ತರ. ತಿರುಚುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಎಂ6 ಟ್ಯಾಪಿಗೆ ಹೋಲಿಸಿದರೆ ಎಂ3 ಟ್ಯಾಪಿಗಿರುವುದು ಸುಮಾರು ಎಂಟನೇ ಒಂದು ಪಾಲು ಶಕ್ತಿ. ಆದರೆ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ, ಕೂಡ 1 ಮಿ.ಮೀ.ಯಿಂದ 0.5ಕ್ಕೆ ಇಳಿದಿರುತ್ತದೆ, ಕೊಯ್ಯಬೇಕಾದ ಲೋಹವೂ ಕಡಿಮೆ. ಬೇಕಾದ ತಿರುಚುಬಲವೂ ಹೆಚ್ಚುಕಡಿಮೆ ಅಷ್ಟೇ ಪಾಲು ತಗ್ಗುತ್ತದೆ. ಲೆಕ್ಕವೇನೋ ಸರಿಹೋಗಬೇಕು. ಎಡವಟ್ಟಾಗುವುದು ಲೆಕ್ಕದ ಹೊರಗಿನ ಹೊರೆಗಳಿಂದ: ಹೋಲ್ಡರಿನಲ್ಲಿ ಟ್ಯಾಪ್ ಚೂರು ಓಲಾಡಿದರೆ, ಲೋಹದ ಸುರುಳಿ ಸಿಕ್ಕಿಕೊಂಡರೆ ಬೀಳುವ ಹೊರೆ. ಟ್ಯಾಪ್ ಸಣ್ಣದಾಯಿತೆಂದು ಇವು ಸಣ್ಣವಾಗುವುದಿಲ್ಲ. ಕೈಯಲ್ಲಿ ಟ್ಯಾಪ್ ಹೊಡೆಯುವವರಿಗೆ ಬಿಗಿತ ಬೆರಳಿಗೇ ಗೊತ್ತಾಗುತ್ತದೆ. ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಸುರುಳಿ ತುಂಡರಿಸಿ ಮತ್ತೆ ಮುಂದುವರಿಸುತ್ತಾರೆ. ಆದರೆ ಟ್ಯಾಪನ್ನು ತಿರುಗಿಸುವ, ಹಲವು ಕಿಲೋವ್ಯಾಟ್ ಶಕ್ತಿಯ ಮಷಿನ್ ಸ್ಪಿಂಡಲಿಗೆ ಮುರಿದದ್ದೂ ತಿಳಿಯುವುದಿಲ್ಲ. ಮುರುಕು ಟ್ಯಾಪನ್ನೇ ಹಿಡಿದು ಮುಂದಿನ ತೂತಿಗೆ ಹೋಗುತ್ತದೆ.

ಮಷಿನ್ ತನ್ನ ಪಾಲಿನ ಕೆಲಸವನ್ನು ಮಾತ್ರ ಕರಾರುವಾಕ್ಕಾಗಿ ಮಾಡುತ್ತದೆ. ರಿಜಿಡ್ ಟ್ಯಾಪಿಂಗಿನಲ್ಲಿ ಸ್ಪಿಂಡಲ್ ಒಂದು ಸುತ್ತು ತಿರುಗಿದರೆ ಟ್ಯಾಪ್ ಸರಿಯಾಗಿ ಒಂದು ಪಿಚ್ ಕೆಳಗಿಳಿಯಬೇಕು. ನಿಮಿಷಕ್ಕೆ 1000 ಸುತ್ತು, ಪಿಚ್ 0.5 ಮಿ.ಮೀ. ಎಂದರೆ ಫೀಡ್ ನಿಮಿಷಕ್ಕೆ 500 ಮಿ.ಮೀ. 8 ಮಿ.ಮೀ. ಆಳಕ್ಕೆ 16 ಸುತ್ತು, ಸುಮಾರು ಒಂದು ಸೆಕೆಂಡ್. ತಳದಲ್ಲಿ ವೇಗ ತಗ್ಗಿ, ನಿಂತು, ಹಿಮ್ಮುಖ ತಿರುಗುವಾಗಲೂ ಈ ತಾಳ ತಪ್ಪುವಂತಿಲ್ಲ.

ಇನ್ನು ಲೋಹದ ಸ್ವಭಾವ. ಅಲ್ಯೂಮಿನಿಯಂ ಮೆತ್ತಗಿದೆಯಲ್ಲ, ಥ್ರೆಡ್ ಹಾಕುವುದು ಸುಲಭವಿರಬೇಕು ಎಂದು ಹೊರಗಿನವರಿಗೆ ಅನಿಸುತ್ತದೆ. ತೊಂದರೆ ಇರುವುದೇ ಆ ಮೆತ್ತನೆಯಲ್ಲಿ. ಆಗಷ್ಟೇ ಕೊಯ್ದ ಅಲ್ಯೂಮಿನಿಯಂ ಟ್ಯಾಪಿನ ಅಂಚಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದರ ಮೇಲೆ ಇನ್ನಷ್ಟು ಅಂಟಿ ಹರಿತವಾದ ಅಂಚು ಮೊಂಡಾಗುತ್ತದೆ, ಥ್ರೆಡ್ಡಿನ ಮೈ ಹರಿದುಹೋಗುತ್ತದೆ. ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪನದ ಟ್ಯಾಪನ್ನು ಬಲ್ಲವರು ಇಲ್ಲಿ ಬಳಸುವುದಿಲ್ಲ. ಲೇಪನದಲ್ಲೇ ಅಲ್ಯೂಮಿನಿಯಂ ಇರುವಾಗ ಅಂಟು ಇನ್ನೂ ಹೆಚ್ಚು. ಲೇಪನವಿಲ್ಲದ ಹೊಳಪು ಟ್ಯಾಪೇ ವಾಸಿ. ಸುರುಳಿಯೂ ಪುಡಿಯಾಗದೆ ಉದ್ದಕ್ಕೆ ಬೆಳೆಯುತ್ತದೆ. ಆಚೆಗೆ ತೆರೆದ ತೂತಾದರೆ ಸ್ಪೈರಲ್ ಪಾಯಿಂಟ್ ಟ್ಯಾಪ್ ಅದನ್ನು ಮುಂದಕ್ಕೆ ತಳ್ಳಿಬಿಡುತ್ತದೆ. ತಳ ಮುಚ್ಚಿದ ಬ್ಲೈಂಡ್ ತೂತಿನಲ್ಲಿ ಆ ದಾರಿಯಿಲ್ಲ. ಸ್ಪೈರಲ್ ಫ್ಲೂಟ್ ಟ್ಯಾಪ್ ಮೇಲಕ್ಕೆಳೆದು ತರಬೇಕು. ಹಾಗೆ ಬರುವ ಸುರುಳಿ ಟ್ಯಾಪಿಗೇ ಸುತ್ತಿಕೊಳ್ಳುವುದುಂಟು.

ಒಳಗೆ ಮುರಿದ ಟ್ಯಾಪನ್ನು ಸ್ಪಾರ್ಕ್ ಮಷಿನ್ನಿನಲ್ಲಿ ಸುಟ್ಟು ತೆಗೆಯಬಹುದು. ಗಡಿಯಾರ ರಿಪೇರಿಯವರು ಬಲ್ಲ ಇನ್ನೊಂದು ಉಪಾಯವೂ ಇದೆ. ಪಟಿಕದ ಬಿಸಿ ದ್ರಾವಣ ಉಕ್ಕನ್ನು ನಿಧಾನವಾಗಿ ಕರಗಿಸುತ್ತದೆ, ಸುತ್ತಲಿನ ಹಿತ್ತಾಳೆಯನ್ನೋ ಅಲ್ಯೂಮಿನಿಯಮ್ಮನ್ನೋ ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಕಾರ್ಬೈಡ್ ಟ್ಯಾಪಾದರೆ ಪಟಿಕದ ಆಟ ನಡೆಯದು.

ಅಲ್ಯೂಮಿನಿಯಮ್ಮಿನ ಸಣ್ಣ ತೂತುಗಳಿಗೆ ನಾನು ಮನಸಾರೆ ಮೆಚ್ಚುವುದು ಫಾರ್ಮ್ ಟ್ಯಾಪನ್ನು. ಅದಕ್ಕೆ ಕೊಯ್ಯುವ ಅಂಚೇ ಇಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಅಡ್ಡಕೊಯ್ತ ಪೂರ್ತಿ ದುಂಡಗಿಲ್ಲ, ಅಲ್ಲಲ್ಲಿ ಉಬ್ಬುಗಳಿವೆ. ಆ ಉಬ್ಬುಗಳು ಲೋಹವನ್ನು ಒತ್ತಿದಾಗ ಅದು ಟ್ಯಾಪಿನ ಹಲ್ಲುಗಳ ನಡುವಿನ ಸಂದಿಗೆ ಹರಿದು ಏರುತ್ತದೆ, ಹಿಟ್ಟು ಅಚ್ಚಿನ ಸಂದಿಗೆ ತುಂಬಿಕೊಂಡ ಹಾಗೆ. ಕೊಯ್ಯುವಾಗ ಕಾಡಿದ ಮೆತ್ತನೆ ಇಲ್ಲಿ ನೆರವಿಗೆ ಬರುತ್ತದೆ. ಸುರುಳಿಯೇ ಹುಟ್ಟುವುದಿಲ್ಲ, ಹಾಗಾಗಿ ಬ್ಲೈಂಡ್ ತೂತಿನ ಭಯ ಬಹುಪಾಲು ಕಳೆಯಿತು. ಸುರುಳಿ ಸಾಗಿಸುವ ಆಳದ ಕಾಲುವೆಗಳು ಬೇಡವಾದ್ದರಿಂದ ಟ್ಯಾಪಿನ ನಡುಮೈ ದಪ್ಪಗೆ, ಗಟ್ಟಿಯಾಗಿರುತ್ತದೆ. ಒತ್ತಡಕ್ಕೆ ಸಿಕ್ಕ ಲೋಹ ಬಿರುಸಾಗಿ ಥ್ರೆಡ್ಡಿಗೂ ಬಲ ಬರುತ್ತದೆ. ಆದರೆ ಇದಕ್ಕೆ ತಿರುಚುಬಲ ಹೆಚ್ಚು ಬೇಕು, ಒಳ್ಳೆಯ ಎಣ್ಣೆ ಬೇಕೇ ಬೇಕು. ಎರಡು ಕಡೆಯಿಂದ ಏರಿ ಬಂದ ಲೋಹ ಥ್ರೆಡ್ಡಿನ ತುದಿಯಲ್ಲಿ ಪೂರ್ತಿ ಕೂಡದೆ ಸಣ್ಣ ಸೀಳು ಉಳಿಯುತ್ತದೆ. ಅಲ್ಲಿ ಕೊಳೆ ಕೂರಬಹುದೆಂಬ ಕಾರಣಕ್ಕೆ ಕೆಲವು ಕೆಲಸಗಳಿಗೆ ಇದನ್ನು ಒಪ್ಪುವುದಿಲ್ಲ. ಸಿಲಿಕಾನ್ ಜಾಸ್ತಿಯಿದ್ದು ಬಿರುಸಾದ ಎರಕದಲ್ಲೂ ಯೋಚಿಸಿಯೇ ಹಾಕಬೇಕು.

ಎಲ್ಲಕ್ಕಿಂತ ಮುಖ್ಯ, ಮೊದಲು ಕೊರೆಯುವ ತೂತಿನ ಅಳತೆ. ಎಂ3 ಕೊಯ್ಯುವ ಟ್ಯಾಪಿಗೆ 2.5 ಮಿ.ಮೀ. ಡ್ರಿಲ್, ಫಾರ್ಮ್ ಟ್ಯಾಪಿಗೆ ಸಾಮಾನ್ಯವಾಗಿ 2.8, ಏಕೆಂದರೆ ಒತ್ತಿದ ಲೋಹ ಒಳಮುಖವಾಗಿ ಬೆಳೆದು ತೂತನ್ನು ಕಿರಿದಾಗಿಸುತ್ತದೆ. 2.5ರ ತೂತಿಗೆ ಫಾರ್ಮ್ ಟ್ಯಾಪ್ ಇಳಿದರೆ ಏರಿದ ಲೋಹಕ್ಕೆ ಜಾಗ ಸಾಲದೆ ಟ್ಯಾಪ್ ಸಿಕ್ಕಿ ಮುರಿಯುತ್ತದೆ. 2.8ರ ತೂತಿಗೆ ಕೊಯ್ಯುವ ಟ್ಯಾಪ್ ಇಳಿದರೆ ಏನೂ ಮುರಿಯುವುದಿಲ್ಲ. ಅದು ಇನ್ನೂ ಅಪಾಯ. 0.25 ಮಿ.ಮೀ. ಇರಬೇಕಾದ ಥ್ರೆಡ್ಡಿನ ಎತ್ತರ 0.1ಕ್ಕೆ ಇಳಿದಿರುತ್ತದೆ, ನೋಡಲು ಥ್ರೆಡ್ಡಿನಂತೆಯೇ ಹೊಳೆಯುತ್ತದೆ, ಸ್ಕ್ರೂ ಬಿಗಿದಾಗ ಕಿತ್ತು ಬರುತ್ತದೆ. ಆದ್ದರಿಂದ ಟೂಲ್ ಲಿಸ್ಟಿನಲ್ಲಿ ಡ್ರಿಲ್ಲಿನ ಎದುರಿಗೇ ಯಾವ ಬಗೆಯ ಟ್ಯಾಪಿಗೆಂದು ಬರೆದಿರಬೇಕು, ಮೊದಲ ಜಾಬಿನ ತೂತಿಗೆ ಟ್ಯಾಪ್ ಇಳಿಯುವ ಮುಂಚೆ ಮಷಿನ್ ನಿಲ್ಲಿಸಿ ಪಿನ್ ಗೇಜ್ ಹಾಕಿ ತೂತಿನ ಅಳತೆ ನೋಡಬೇಕು.