ರಣರಂಗದ ಚಿತ್ರ, ಮನೆಯಂಗಳದ ಚಿತ್ರ

ಸಿನಿಮಾ ನೋಡಲು ಹೊರಟ ಸಂಸಾರದಲ್ಲಿ ಒಂದು ಚಿಕ್ಕ ವ್ಯಾಜ್ಯ ಏಳುವುದುಂಟು. ಹುಡುಗರಿಗೆ ಯುದ್ಧದ ಚಿತ್ರ ಬೇಕು; ಹಿರಿಯರಿಗೆ ಸಂಸಾರದ ಕಥೆ ಬೇಕು. ಒಂದರಲ್ಲಿ ತೋಪು, ಬಂದೂಕು. ಇನ್ನೊಂದರಲ್ಲಿ ಅಡಿಗೆಮನೆ, ಅಂಗಳ. ಇವೆರಡೂ ಬೇರೆ ಬೇರೆ ಜಾತಿಯವೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಉತ್ತಮ ಚಿತ್ರಗಳನ್ನು ನೋಡುತ್ತ ಹೋದಂತೆ ಈ ಭೇದವು ನಿಲ್ಲುವುದಿಲ್ಲವೆಂದು ನಮಗೆ ತೋರುವುದು.

ಕನ್ನಡ ವಾಕ್ಚಿತ್ರದ ಹುಟ್ಟೇ ಇದಕ್ಕೆ ಸಾಕ್ಷಿ. 1934ರಲ್ಲಿ ತೆರೆಕಂಡ ನಮ್ಮ ಮೊದಲನೆಯ ವಾಕ್ಚಿತ್ರವು ವೈ. ವಿ. ರಾಯರು ನಿರ್ದೇಶಿಸಿದ ‘ಸತಿ ಸುಲೋಚನಾ’. ಕಥೆ ನಡೆಯುವುದು ಲಂಕೆಯ ಯುದ್ಧದಲ್ಲಿ. ಆದರೆ ಚಿತ್ರಕ್ಕೆ ಇಟ್ಟುದು ವೀರನಾದ ಇಂದ್ರಜಿತುವಿನ ಹೆಸರನ್ನಲ್ಲ, ಅವನನ್ನು ಕಳೆದುಕೊಂಡ ಹೆಂಡತಿಯ ಹೆಸರನ್ನು. ಆ ಚಿತ್ರದ ಪ್ರತಿ ಈಗ ಉಳಿದಿಲ್ಲವಾದರೂ ಹೆಸರು ಹೇಳುವ ಮಾತು ಉಳಿದಿದೆ.

ಪರದೇಶಗಳ ಚಿತ್ರಗಳೂ ಇದನ್ನೇ ಹೇಳುವುವು. 1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ಎಂಬವರು ತೆಗೆದ ‘ಆಲ್ ಕ್ವಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಚಿತ್ರದಲ್ಲಿ ಜರ್ಮನ್ ತರುಣನೊಬ್ಬನು ಉತ್ಸಾಹದಿಂದ ಸೈನ್ಯ ಸೇರಿ, ಕಡೆಗೆ ಕಂದಕದಲ್ಲಿ ಒಂದು ಚಿಟ್ಟೆಯನ್ನು ಹಿಡಿಯಲು ಕೈಚಾಚಿದಾಗ ಗುಂಡಿಗೆ ಬಲಿಯಾಗುವನು. ಅವನು ಮನೆಯಲ್ಲಿದ್ದಾಗ ಚಿಟ್ಟೆಗಳನ್ನು ಕೂಡಿಡುತ್ತಿದ್ದ ಹುಡುಗನೆಂಬುದನ್ನು ಬಲ್ಲ ಪ್ರೇಕ್ಷಕನಿಗೆ ಆ ಕೈಯೊಂದೇ ಸಾಕು.

ರಷ್ಯದ ಗ್ರಿಗೊರಿ ಚುಖ್ರಾಯ್ 1959ರಲ್ಲಿ ನಿರ್ದೇಶಿಸಿದ ‘ಬ್ಯಾಲಡ್ ಆಫ್ ಎ ಸೋಲ್ಜರ್’ ಇನ್ನೂ ಸರಳವಾದುದು. ಹತ್ತೊಂಬತ್ತರ ಹರೆಯದ ಅಲ್ಯೋಷ ಶತ್ರುಗಳ ಎರಡು ಟ್ಯಾಂಕುಗಳನ್ನು ಕೆಡವಿದನು. ಸೇನಾಧಿಪತಿಯು ಪದಕ ಕೊಡಿಸುವೆನೆಂದಾಗ ಅವನು ಬೇಡಿದುದು ರಜೆಯನ್ನು: ತಾಯಿಯ ಮನೆಯ ಮಾಡು ಸೋರುತ್ತಿದೆ, ಹೋಗಿ ಸರಿಪಡಿಸಬೇಕು. ಆರು ದಿನಗಳ ರಜೆ ದೊರೆಯಿತು. ದಾರಿಯಲ್ಲಿ ಕಂಡ ಕಷ್ಟಗಳಿಗೆಲ್ಲ ನೆರವಾಗುತ್ತ ಹೋದವನಿಗೆ ತಾಯಿಯ ಬಳಿ ನಿಲ್ಲಲು ಉಳಿದುದು ಕೆಲವೇ ನಿಮಿಷ. ಅವನು ಮತ್ತೆ ಬರಲಿಲ್ಲವೆಂಬುದನ್ನು ಚಿತ್ರವು ಮೊದಲೇ ತಿಳಿಸಿಬಿಡುವುದು.

ಇನ್ನು ಜಪಾನಿನ ಯಸುಜಿರೊ ಒಝು ಅವರ ‘ಟೋಕಿಯೊ ಸ್ಟೋರಿ’ (1953). ಇದರಲ್ಲಿ ಒಂದು ಗುಂಡಿನ ಸದ್ದೂ ಇಲ್ಲ. ವೃದ್ಧ ದಂಪತಿಗಳು ಮಕ್ಕಳನ್ನು ನೋಡಲು ಪಟ್ಟಣಕ್ಕೆ ಬರುವರು. ಹೆತ್ತ ಮಕ್ಕಳಿಗೆ ಬಿಡುವಿಲ್ಲ. ಆದರಿಸುವವಳು ವಿಧವೆಯಾದ ಸೊಸೆ ಒಬ್ಬಳೇ. ಅವಳ ಗಂಡನನ್ನು ಯುದ್ಧವು ನುಂಗಿದೆ. ಯುದ್ಧ ಮುಗಿದು ವರ್ಷಗಳಾದರೂ ಆ ಮನೆಯಲ್ಲಿ ಒಂದು ಸ್ಥಾನ ಖಾಲಿಯಾಗಿಯೇ ಇದೆ. ನಮ್ಮ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ವೂ (1990) ಕೊಡಗಿನ ಯೋಧನ ಶೌರ್ಯವನ್ನು ಅವನ ದಾಂಪತ್ಯದ ಮೂಲಕವೇ ಅಳೆಯುವುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತು. ಎರಡು ಭಾಷೆಗಳ ಚಿತ್ರಗಳನ್ನು ನೋಡಿ ಬೆಳೆದವರಿಗೆ ಮೂರನೆಯ ಭಾಷೆ ದೊಡ್ಡ ಅಡ್ಡಿಯಲ್ಲ. ಸೋರುವ ಮಾಡೂ ಕಾಯುವ ತಾಯಿಯೂ ಶಿಡ್ಲಘಟ್ಟದ ರೇಷ್ಮೆಗೂಡಿನ ರೈತನಿಗೆ ಅಪರಿಚಿತವಲ್ಲ.

ಮೇಲಾಗಿ ಈ ನೆಲವೂ ಗುಂಡಿನ ಸದ್ದನ್ನು ಕೇಳಿದೆ. ಕುರುಕ್ಷೇತ್ರದ ನಾಶದಿಂದ ನೊಂದ ವಿದುರನು ಅಶ್ವತ್ಥವನ್ನು ನೆಟ್ಟನೆಂದು ಸ್ಥಳಪುರಾಣ ಹೇಳುವ ವಿದುರಾಶ್ವತ್ಥವು ಗೌರಿಬಿದನೂರಿನ ಸಮೀಪದಲ್ಲಿದೆ. ದಾಯಾದಿಗಳ ಮನೆಯ ಜಗಳವು ಮಹಾಯುದ್ಧವಾಗದಂತೆ ಬುದ್ಧಿ ಹೇಳಿದವನ ಹೆಸರಿನ ಆ ಊರಿನಲ್ಲೇ, 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಅನೇಕರು ಮಡಿದರು. ಅಲ್ಲಿ ಈಗ ಸ್ಮಾರಕವಿದೆ. ಅಂದು ಸಂಜೆ ಸುತ್ತಲ ಹಳ್ಳಿಗಳಲ್ಲಿ ಮನೆಗೆ ಬಾರದವರಿಗಾಗಿ ಕಾದವರ ಕಥೆಯನ್ನು ಯಾವ ಶಿಲೆಯಲ್ಲಿ ಕೆತ್ತಬಹುದು?

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳಿಗೆ ಯುದ್ಧದ ಚಿತ್ರ ಬೇಡವೆಂದು ಗದರಿಸಬೇಕಾಗಿಲ್ಲ. ವಯಸ್ಸಿಗೆ ತಕ್ಕುದನ್ನು ಆರಿಸಿ, ಜತೆಯಲ್ಲಿ ಕುಳಿತು ನೋಡಿರಿ. ಮುಗಿದ ಮೇಲೆ ಗೆದ್ದವರಾರೆಂದು ಅವರೇ ಹೇಳುವರು. ಮನೆಯಲ್ಲಿ ಕಾಯುತ್ತಿದ್ದವರು ಯಾರೆಂದು ನೀವು ಕೇಳಿರಿ. ಆ ಪ್ರಶ್ನೆಗೆ ಉತ್ತರ ಹುಡುಕುವ ಮಗುವಿಗೆ ಬಂದೂಕು ಆಟದ ಸಾಮಾನಾಗಿ ಉಳಿಯಲಾರದು.